ರಾಜೀನಾಮೆಗೂ ಮುಂಚೆ ಆ ಬಿಲ್ಲಿನ ವಿಷಯ

ಪ್ರಶ್ನೆ: ನನಗೆ 36 ವರ್ಷ. ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಕ್ರಿಸ್ತನ ವಿಶ್ವಾಸಕ್ಕೆ ಬಂದು ಆರು ವರ್ಷವಾಯಿತು. ಭಾನುವಾರದ ಆರಾಧನೆಯಲ್ಲಿ ಕಣ್ಣೀರು ತಡೆಯಲಾಗುವುದಿಲ್ಲ. ಸೋಮವಾರ ಮೇಲಧಿಕಾರಿ ಹೇಳಿದರೆಂದು ಬಿಲ್ಲುಗಳ ತಾರೀಖು ತಿದ್ದುತ್ತೇನೆ. ಮನೆಯಲ್ಲಿ ಸಣ್ಣಪುಟ್ಟದ್ದಕ್ಕೂ ಹೆಂಡತಿ, ಮಗನ ಮೇಲೆ ರೇಗುತ್ತೇನೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಒಂದು ಗಂಟೆ ಪ್ರಾರ್ಥಿಸಬೇಕೆಂದು ತೀರ್ಮಾನ ಮಾಡುತ್ತೇನೆ, ಹತ್ತು ದಿನಕ್ಕೆ ನಿಂತುಹೋಗುತ್ತದೆ. ಸಂಬಳದ ಹತ್ತನೇ ಒಂದು ಭಾಗವನ್ನು ಸಭೆಗೆ ಕೊಡುವ ದಶಮಾಂಶ ಮಾತ್ರ ತಪ್ಪಿಸಿಲ್ಲ. ಕೆಲಸ ಬಿಟ್ಟು ಚರ್ಚಿನ ಪೂರ್ಣಕಾಲಿಕ ಸೇವೆಗೆ ಬಂದರೆ ಈ ಎರಡು ಮುಖದ ಬದುಕು ಸರಿಹೋದೀತೇ? ಅಲ್ಲಿಯವರೆಗೆ ಆಫೀಸಿನಲ್ಲಿ ಕರ್ತನಿಗೆ ಸಾಕ್ಷಿಯಾಗಿರುವುದು ಹೇಗೆ?

ಉತ್ತರ: ಸಹೋದರರೇ, ರಾಜೀನಾಮೆ ಪತ್ರ ಬರೆದಿಟ್ಟಿದ್ದರೆ ಸದ್ಯಕ್ಕೆ ಅದು ಡ್ರಾಯರಿನಲ್ಲೇ ಇರಲಿ. ಇಪ್ಪತ್ತೆರಡು ವರ್ಷ ಸಭಾಪಾಲಕನಾಗಿದ್ದವನು ಹೇಳುತ್ತಿದ್ದೇನೆ, ಸೇವೆಗೆ ಬಂದರೆ ಸಿಟ್ಟು ಕಡಿಮೆಯಾಗುವುದಿಲ್ಲ. ಸಿಟ್ಟಿಗೆ ಒಪ್ಪುವ ವಚನಗಳು ಬೇಗ ಬಾಯಿಗೆ ಬರುತ್ತವೆ, ಅಷ್ಟೇ. ಬಿಲ್ಲಿನ ತಾರೀಖು ತಿದ್ದಿ ರೂಢಿಯಾದ ಕೈ ಕಾಣಿಕೆಯ ಲೆಕ್ಕವನ್ನೂ ತಿದ್ದಬಲ್ಲದು. ಜಾಗ ಬದಲಾದರೆ ಮನುಷ್ಯ ಬದಲಾಗುತ್ತಾನೆ ಎಂದು ನಂಬಿ ಸೇವೆಗೆ ಬಂದವರು ಮೂರ್ನಾಲ್ಕು ವರ್ಷದಲ್ಲಿ ಬಸವಳಿದು ನನ್ನೆದುರು ಕೂತದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯವನ್ನು ಇವತ್ತು ಒಮ್ಮೆ ನಿಧಾನವಾಗಿ ಓದಿ. ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು ಬಂದು 'ನಾವೇನು ಮಾಡಬೇಕು' ಎಂದು ಕೇಳುತ್ತಾರೆ. ಆ ಕಾಲದಲ್ಲಿ ಅದಕ್ಕಿಂತ ಕೊಳಕು ನೌಕರಿ ಇನ್ನೊಂದಿರಲಿಲ್ಲ. ಯೋಹಾನ 'ಬಿಟ್ಟು ಬನ್ನಿ' ಎನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಸಿಪಾಯಿಗಳು ಕೇಳಿದಾಗಲೂ ಬೆದರಿಸಿ ಕಿತ್ತುಕೊಳ್ಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ಅರಣ್ಯದಲ್ಲಿ ಮಿಡತೆ ತಿಂದುಕೊಂಡಿದ್ದ ಮನುಷ್ಯ ಎಲ್ಲರನ್ನೂ ಅರಣ್ಯಕ್ಕೇ ಕರೆದಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅವನು ಅವರವರ ಕಟ್ಟೆಗೇ ವಾಪಸು ಕಳಿಸಿದ. ಲೇವಿಯಂಥವನು ಸುಂಕದ ಕಟ್ಟೆ ಬಿಟ್ಟೇ ಹೊರಟದ್ದೂ ಅದೇ ಸುವಾರ್ತೆಯಲ್ಲಿದೆ, ಇಲ್ಲವೆನ್ನುತ್ತಿಲ್ಲ. ಆದರೆ ಲೇವಿಗೆ ಯೇಸುವಿನಿಂದಲೇ ಹೆಸರು ಹಿಡಿದಂಥ ಕರೆ ಬಂದಿತ್ತು. ನಿಮ್ಮ ಪತ್ರದಲ್ಲಿ ಕರೆ ಕಾಣಲಿಲ್ಲ. ಓಡಿಹೋಗಬೇಕೆಂಬ ಆಸೆ ಕಂಡಿತು.

1785ರ ಡಿಸೆಂಬರಿನಲ್ಲಿ ಇಂಥದೇ ಪ್ರಶ್ನೆ ಹೊತ್ತು ಒಬ್ಬ ಯುವಕ ಲಂಡನ್ನಿನಲ್ಲಿ ಒಂದು ಮನೆಯ ಮುಂದೆ ಬಂದ. ಯಾರಾದರೂ ನೋಡಿಯಾರೆಂದು ಹೆದರಿ ಬಾಗಿಲು ತಟ್ಟುವ ಮುಂಚೆ ಆ ಚೌಕದ ಸುತ್ತ ಒಂದೆರಡು ಸುತ್ತು ಹಾಕಿದ. ಅವನು 26 ವರ್ಷದ ಸಂಸತ್ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸ್. ವಿಶ್ವಾಸ ಹೊಸದು, ರಾಜಕೀಯ ಹೊಲಸು ಅನ್ನಿಸಿತ್ತು. ಮನೆಯೊಳಗಿದ್ದವರು ಜಾನ್ ನ್ಯೂಟನ್ ಎಂಬ ಹಿರಿಯ ಪಾದ್ರಿ. ಅವಸರಪಟ್ಟು ಬಿಡಬೇಡ, ಇದ್ದಲ್ಲೇ ಇರು ಎಂದು ಹೇಳಿ ಕಳಿಸಿದರು. ಮುಂದೆ ಅದೇ ಮನುಷ್ಯ ಸಂಸತ್ತಿನಲ್ಲಿ ವರ್ಷಗಟ್ಟಲೆ ಸೋಲುತ್ತ ಗುದ್ದಾಡಿ, ಬ್ರಿಟನ್ನಿನ ಗುಲಾಮರ ವ್ಯಾಪಾರ 1807ರಲ್ಲಿ ಕಾನೂನಿನಿಂದ ನಿಂತಿತು. ಈ ಕಥೆಯನ್ನು ಪ್ರಸಂಗಗಳಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಬಹಳ ವರ್ಷ ಇಲ್ಲಿಗೇ ನಿಲ್ಲಿಸುತ್ತಿದ್ದೆ.

ನಿಮಗೆ ಬೇಕಾದದ್ದು ಆ ಹಿರಿಯ ಪಾದ್ರಿಯ ಕಥೆ. ನ್ಯೂಟನ್ ದೇವರ ಕಡೆ ತಿರುಗಿದ್ದು 1748ರ ಮಾರ್ಚಿನಲ್ಲಿ, ಅಟ್ಲಾಂಟಿಕ್ ಸಮುದ್ರದ ಬಿರುಗಾಳಿಯಲ್ಲಿ ಹಡಗು ಮುಳುಗುವ ಹೊತ್ತಿನಲ್ಲಿ. ತಿರುಗಿದ ಮೇಲೆ ಏನು ಮಾಡಿದರು? ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕಪ್ತಾನರಾದರು. ಬೈಬಲ್ ಓದುತ್ತಿದ್ದರು, ದಿನಚರಿ ಬರೆಯುತ್ತಿದ್ದರು, ಭಾನುವಾರ ನಾವಿಕರನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದರು. ಕೆಳಗಿನ ಅಂತಸ್ತಿನಲ್ಲಿ ಮನುಷ್ಯರು ಸರಪಳಿಯಲ್ಲಿದ್ದರು. ದೇವರ ಸಾನ್ನಿಧ್ಯ ಅಷ್ಟು ಸಿಹಿಯಾಗಿ ಅನುಭವವಾದದ್ದು ಆ ಕಡೆಯ ಯಾನಗಳಲ್ಲೇ ಎಂದು ಅವರೇ ಆಮೇಲೆ ಬರೆದರು. 1754ರಲ್ಲಿ ಸಮುದ್ರ ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿ ಅಲ್ಲ, ಕಾಯಿಲೆ ಬಿದ್ದು. 1764ರಲ್ಲಿ ಪಾದ್ರಿಯಾದರು. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಈ ತಪ್ಪೊಪ್ಪಿಗೆ ತೀರಾ ತಡವಾಗಿ ಬಂತು ಎಂದು ಅದರಲ್ಲೇ ಹೇಳಿಕೊಂಡರು. ಬಿರುಗಾಳಿಯ ರಾತ್ರಿಯಿಂದ ಆ ಬರಹಕ್ಕೆ 40 ವರ್ಷ.

ಅವರ ಪ್ರಾರ್ಥನೆ ಢೋಂಗಿಯಾಗಿರಲಿಲ್ಲ. ಕಣ್ಣೀರೂ ನಿಜದ್ದೇ. ಆದರೆ ಮನೆಯೊಂದರಲ್ಲಿ ದೀಪ ಹಚ್ಚಿದರೆ ಬಾಗಿಲು ಹಾಕಿದ ಕೋಣೆಗೆ ಬೆಳಕು ಹೋಗುವುದಿಲ್ಲ. ವಿಶ್ವಾಸ ಒಳಗೆ ಬರುವುದು ಕೋಣೆಯಿಂದ ಕೋಣೆಗೆ. ನಾನು ನೋಡಿದಂತೆ ಕಡೆಗೆ ತೆರೆಯುವ ಬಾಗಿಲುಗಳು ಎರಡು: ಸಂಪಾದನೆಯದು, ಮನೆಯವರ ಮುಂದೆ ತೋರುವ ಸಿಟ್ಟಿನದು. ನಿಮ್ಮ ಪತ್ರದಲ್ಲಿ ಎರಡೂ ಇವೆ. ನಿಮಗೆ ಆರೇ ವರ್ಷಕ್ಕೆ ಅವು ಕಾಣಿಸಿವೆ. ನಾನಾದರೆ ಇದನ್ನು ಸೋಲು ಅನ್ನುವುದಿಲ್ಲ.

ಈಗ ಬಿಲ್ಲಿಗೆ ಬರೋಣ. ಇದನ್ನು 'ಆಫೀಸಿನ ಒತ್ತಡ' ಎಂದು ಕರೆಯಬೇಡಿ, ಸತ್ಯವೇದದ ಯಾಜಕಕಾಂಡ 19ರ ಕಣ್ಣಿನಿಂದ ನೋಡಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು ಇರುವ ಅಧ್ಯಾಯ ಅದು. ಅದೇ ಅಧ್ಯಾಯದಲ್ಲಿ ಕೂಲಿಯವನ ಕೂಲಿಯನ್ನು ರಾತ್ರಿಯೆಲ್ಲ ಇಟ್ಟುಕೊಳ್ಳಬೇಡ ಎಂದಿದೆ, ತ್ರಾಸು, ತೂಕದ ಕಲ್ಲು, ಅಳತೆಯ ಪಾತ್ರೆ ಸರಿಯಾಗಿರಲಿ ಎಂದಿದೆ. ಪ್ರೀತಿಯ ಆಜ್ಞೆಯನ್ನೂ ತೂಕದ ಕಲ್ಲನ್ನೂ ಅಕ್ಕಪಕ್ಕದಲ್ಲಿ ಇಟ್ಟವರಿಗೆ ನಮ್ಮ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಬಿಲ್ಲಿನ ಮೇಲಿನ ತಾರೀಖು ನಿಮ್ಮ ತೂಕದ ಕಲ್ಲು.

ಮೇಲಧಿಕಾರಿಗೆ ಏನು ಹೇಳುವುದು? ವಚನ ಹೇಳಬೇಡಿ, ದಯವಿಟ್ಟು. ಅವರನ್ನು ಪಾಪಿಗಳೆಂದು ತೋರಿಸಿ ನೀವು ನೀತಿವಂತರಾಗುವ ಸನ್ನಿವೇಶ ಅದಾಗಬಾರದು. ಮೊದಲು, ಅವರಿಗೆ ನಿಜಕ್ಕೂ ಬೇಕಾದದ್ದು ಏನೆಂದು ನೋಡಿ. ವರ್ಷ ಮುಗಿದ ಮೇಲೆ ಬಂದ ಬಿಲ್ಲಿನ ಖರ್ಚು ಹಿಂದಿನ ವರ್ಷದ್ದೇ ಆಗಿದ್ದರೆ, ಅದನ್ನು ಆ ವರ್ಷಕ್ಕೆ ತೋರಿಸಲು ಪ್ರೊವಿಷನ್ ಎಂಬ ನೇರವಾದ ದಾರಿ ಇದೆ ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ತಾರೀಖು ಮುಟ್ಟುವುದೇ ಬೇಡ. ಎಷ್ಟೋ ಕಡೆ ಸುಳ್ಳು ಬೇಕಾಗಿಯೇ ಇರುವುದಿಲ್ಲ, ಸೋಮಾರಿತನಕ್ಕೆ ಅದು ಹತ್ತಿರದ ದಾರಿ, ಅಷ್ಟೇ. ಇಂಥವನ್ನೆಲ್ಲ ಬೇರೆ ಮಾಡಿ. ಉಳಿದವು ಅಪ್ಪಟ ಸುಳ್ಳು. ಅವುಗಳ ಬಗ್ಗೆ ಬಾಗಿಲು ಹಾಕಿಕೊಂಡು, ಅವರೊಬ್ಬರೇ ಇದ್ದಾಗ, ಚಿಕ್ಕದಾಗಿ ಹೇಳಿ: 'ಸರ್, ಇದನ್ನು ಇಲ್ಲಿಯವರೆಗೆ ಮಾಡಿದ್ದೇನೆ, ಅದು ನನ್ನ ತಪ್ಪು. ಇನ್ನು ಮಾಡಲಾರೆ. ಬೇರೆ ಯಾವ ಕೆಲಸ ಎಷ್ಟೊತ್ತಿನವರೆಗೆ ಹೇಳಿದರೂ ಮಾಡುತ್ತೇನೆ.' ಮೊದಲ ವಾಕ್ಯ ಬಿಡಬೇಡಿ. ನಿಮ್ಮ ಪಾಲಿನ ತಪ್ಪನ್ನು ನೀವು ಹೊತ್ತುಕೊಂಡರೆ ಎದುರಿಗಿದ್ದವರಿಗೆ ಮುಖ ಉಳಿಸಿಕೊಳ್ಳಲು ಜಾಗ ಸಿಗುತ್ತದೆ.

ಏನೂ ಆಗುವುದಿಲ್ಲ ಎಂದು ಭರವಸೆ ಕೊಡಲಾರೆ. ಬಡ್ತಿ ತಪ್ಪಬಹುದು, ಕೆಲಸವೇ ಹೋಗಬಹುದು. ನೀತಿಗೆ ನಿಂತರೆ ದೇವರು ಇಮ್ಮಡಿ ಸಂಬಳದ ಕೆಲಸ ಕೊಡುತ್ತಾನೆ ಎಂದು ಬೋಧಿಸುವವರಿದ್ದಾರೆ, ನೀತಿವಂತನಾಗಿದ್ದೂ ಎಲ್ಲವನ್ನೂ ಕಳೆದುಕೊಂಡ ಯೋಬನ ಪುಸ್ತಕ ಅವರ ಸತ್ಯವೇದದಲ್ಲಿ ಇದ್ದಂತಿಲ್ಲ. ಈಗಾಗಲೇ ತಿದ್ದಿದ ಬಿಲ್ಲುಗಳಿಂದ ಯಾರಿಗಾದರೂ ನಷ್ಟವಾಗಿದ್ದರೆ ಅದೂ ನಿಮ್ಮ ಮೇಲಿದೆ. ಲೂಕನ ಸುವಾರ್ತೆಯ ಇನ್ನೊಬ್ಬ ಸುಂಕದವನಾದ ಜಕ್ಕಾಯ ಕ್ಷಮೆ ಕೇಳಿ ಸುಮ್ಮನಾಗಲಿಲ್ಲ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದು ನಿಂತು ಹೇಳಿದ. ಹೇಗೆ ಸರಿಪಡಿಸುವುದೆಂಬುದನ್ನು ಕಾನೂನು ತಿಳಿದವರನ್ನು ಕೇಳಿ ಮಾಡಿ. ಭಾವೋದ್ವೇಗದಲ್ಲಿ ರಾತ್ರೋರಾತ್ರಿ ಮೇಲ್ ಕಳಿಸಬೇಡಿ.

ಕೆಲಸದ ಬಗ್ಗೆ ಇನ್ನೊಂದು. ಏನು ಮಾಡಿದರೂ ಕರ್ತನಿಗೆಂದು ಮನಃಪೂರ್ವಕವಾಗಿ ಮಾಡಿ ಎಂಬ ಕೊಲೊಸ್ಸೆಯವರಿಗೆ ಬರೆದ ಮಾತು ಎಲ್ಲರ ಬಾಯಲ್ಲಿದೆ. ಪೌಲ ಅದನ್ನು ಬರೆದದ್ದು ದಾಸರಿಗೆ, ಹೊಗಳಿಕೆಯೂ ಬಡ್ತಿಯೂ ಇಲ್ಲದವರಿಗೆ. ಅದರ ಬೆನ್ನಿಗೇ ಯಜಮಾನರಿಗೆ ನ್ಯಾಯವಾಗಿ ನಡೆಯಿರಿ, ನಿಮಗೂ ಒಬ್ಬ ಯಜಮಾನನಿದ್ದಾನೆ ಎಂದೂ ಬರೆದ. ಹಾಗಾಗಿ ಆ ವಚನ ತೋರಿಸಿ ಜನರನ್ನು ದುಡಿಸಿಕೊಳ್ಳುವವರಿಗೆ ಮುಂದಿನ ವಚನವನ್ನೂ ತೋರಿಸಬೇಕು. ಇನ್ನು ಆಫೀಸಿನ ಸಮಯದಲ್ಲಿ ಮೊಬೈಲಿನಲ್ಲಿ ಸತ್ಯವೇದ ಓದುತ್ತ ಕೂರುವ ಭಕ್ತರಿಗೆ ನಾನು ಹೇಳುವುದು ಒಂದೇ: ಅದು ಬೇರೆಯವರ ಸಮಯ.

ಪ್ರಾರ್ಥನೆಯ ವಿಷಯದಲ್ಲಿ ನಿಮ್ಮ ತೊಂದರೆ ಭಕ್ತಿಯದಲ್ಲ, ಲೆಕ್ಕದ್ದು. ಸೊನ್ನೆಯಿಂದ ಒಂದು ಗಂಟೆಗೆ ಹಾರಿದರೆ ಹತ್ತು ದಿನಕ್ಕೇ ಕಾಲು ಸೋಲುತ್ತದೆ. ಹತ್ತು ನಿಮಿಷಕ್ಕೆ ಇಳಿಸಿ. ನಾಲ್ಕೂವರೆ ಬೇಡ, ಈಗ ಏಳುವ ಹೊತ್ತಿಗಿಂತ ಹದಿನೈದು ನಿಮಿಷ ಮುಂಚೆ ಸಾಕು. ಫೋನು ಬೇರೆ ಕೋಣೆಯಲ್ಲಿರಲಿ. ಸತ್ಯವೇದದಿಂದ ದಿನಕ್ಕೊಂದು ಕೀರ್ತನೆಯನ್ನು ತುಟಿ ಅಲುಗುವಂತೆ ಓದಿ. 150 ಕೀರ್ತನೆಗಳು, ಆರು ತಿಂಗಳೊಳಗೆ ಮುಗಿಯುತ್ತವೆ. 119ನೆಯದು 176 ವಚನ, ಅದನ್ನು ಮಾತ್ರ ಎಂಟೆಂಟು ವಚನದಂತೆ ಒಡೆದುಕೊಳ್ಳಿ. ಮೂಲದಲ್ಲೂ ಅದರ ಕಟ್ಟು ಹಾಗೇ ಇದೆ. ಕೀರ್ತನೆಗಳಲ್ಲಿ ಸ್ತೋತ್ರ ಇರುವಷ್ಟೇ ದೂರೂ ಇದೆ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಮನಸ್ಸು ಒಣಗಿದ ದಿನ ಏನು ಮಾತಾಡಬೇಕೆಂದು ತೋಚದವರಿಗೆ ಅದು ಎಷ್ಟು ದೊಡ್ಡ ಉಪಕಾರ ಎಂದು ನನಗೆ ಗೊತ್ತು.

ದಾನಿಯೇಲ ದಿನಕ್ಕೆ ಮೂರು ಸಾರಿ ಮೊಣಕಾಲೂರುತ್ತಿದ್ದ. ಆದಿಸಭೆಯ ದಿದಖೆ ಎಂಬ ಕಿರುಗ್ರಂಥ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಿ ಎನ್ನುತ್ತದೆ. ಗಂಟೆಗಟ್ಟಲೆ ಎಂದು ಅಲ್ಲಿ ಇಲ್ಲ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರುಮಾಡಿ ಮುಗಿಸಲು ಒಂದು ನಿಮಿಷವೂ ಬೇಡ. ಮಧ್ಯಾಹ್ನ ಮೆಟ್ಟಿಲು ಇಳಿಯುವಾಗ ಹೇಳಬಹುದು. 'ನಮ್ಮ ಸಾಲಗಾರರನ್ನು ಕ್ಷಮಿಸಿದ್ದೇವೆ' ಎಂಬಲ್ಲಿ ಬೆಳಗ್ಗೆ ಜಗಳವಾಡಿದವರ ಮುಖ ಎದುರಿಗೆ ಬಂದರೆ ನಿಲ್ಲಿ, ಮುಂದೆ ಹೋಗಬೇಡಿ.

17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬವರಿದ್ದರು. ಸೈನ್ಯದಲ್ಲಿದ್ದಾಗ ಗಾಯಗೊಂಡವರು, ಓದು ಅಷ್ಟಕ್ಕಷ್ಟೆ. ಅವರಿಗೆ ಅಡುಗೆಮನೆ ಕೆಲಸ ಕೊಟ್ಟರು. ಜನ ಅವರನ್ನು ನೆನೆಯುವುದು ಪಾತ್ರೆಗಳ ಗದ್ದಲದಲ್ಲೂ ದೇವರ ಜೊತೆ ಮಾತಾಡಿಕೊಂಡಿದ್ದ ಸಂತನೆಂದು. ಅವರಿಗೆ ಅಡುಗೆಮನೆ ಅಂದರೆ ಆಗುತ್ತಲೇ ಇರಲಿಲ್ಲ ಎಂಬುದನ್ನು ಮರೆಯುತ್ತಾರೆ. ಒಗ್ಗದ ಕೆಲಸದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿ ಬಂದ ಸಲಿಗೆ ಅದು. ಅವರಿಗೂ ಸಾವಿರ ವರ್ಷ ಮುಂಚೆ, 6ನೆಯ ಶತಮಾನದಲ್ಲಿ, ಬೆನೆಡಿಕ್ಟ್ ತನ್ನ ಮಠಕ್ಕೆ ಬರೆದ ನಿಯಮದಲ್ಲಿ ಉಗ್ರಾಣ ನೋಡಿಕೊಳ್ಳುವವನಿಗೆ ಒಂದು ಮಾತಿದೆ: ಮಠದ ಸಾಮಾನು ಸರಂಜಾಮನ್ನೆಲ್ಲ ಬಲಿಪೀಠದ ಪಾತ್ರೆಗಳಂತೆಯೇ ಕಾಣಬೇಕು. ನಿಮ್ಮ ಲೆಡ್ಜರನ್ನು ಆ ಪಟ್ಟಿಗೆ ಸೇರಿಸಿಕೊಳ್ಳಿ.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ದಿನವನ್ನು ತಿರುಗಿಸಿ ನೋಡುವ ಅಭ್ಯಾಸವೊಂದಿದೆ, 16ನೆಯ ಶತಮಾನದ ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೊಲ ಕಲಿಸಿದ್ದು. ಪ್ರೊಟೆಸ್ಟೆಂಟರಾದ ನಾವೂ ಧಾರಾಳವಾಗಿ ಎರವಲು ಪಡೆಯಬಹುದು. ಅದು ತಪ್ಪು ಹುಡುಕುವುದರಿಂದ ಶುರುವಾಗುವುದಿಲ್ಲ, ಕೃತಜ್ಞತೆಯಿಂದ ಶುರುವಾಗುತ್ತದೆ. ಆಮೇಲೆ ಬೆಳಕಿಗಾಗಿ ಬೇಡುವುದು, ಗಂಟೆಗಂಟೆಯಾಗಿ ದಿನವನ್ನು ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ಒಂದು ತೀರ್ಮಾನ. ನಿಮ್ಮ ರೇಗಾಟಕ್ಕೆ ಇದು ನೇರ ಮದ್ದು. ಎರಡು ವಾರ ಮಾಡಿದರೆ ಒಂದು ವಿನ್ಯಾಸ ಕಾಣುತ್ತದೆ. ಬಹುಶಃ ತಾರೀಖು ತಿದ್ದಿದ ದಿನವೇ ನೀವು ಮಗನ ಮೇಲೆ ಕೂಗಿರುತ್ತೀರಿ. ಊಹೆ ಮಾಡುತ್ತಿದ್ದೇನೆ, ಆದರೆ ಸುಮ್ಮನೆ ಅಲ್ಲ. ಆಫೀಸಿನಲ್ಲಿ ನುಂಗಿದ ಅವಮಾನವನ್ನು ಮನುಷ್ಯ ಕಾರುವುದು ಎದುರು ಮಾತಾಡಲಾರದವರ ಮೇಲೆ.

ಸಿಟ್ಟಿನ ಬಗ್ಗೆ ಬೋಧಿಸುವ ಯೋಗ್ಯತೆ ನನಗೆ ಹೇಗೆ ಬಂತೆಂದು ಹೇಳಿಬಿಡುತ್ತೇನೆ. ಅಪ್ಪ ಬಿಟ್ಟುಹೋದ ಮನೆಯ ಪಾಲಿನ ವಿಷಯದಲ್ಲಿ ನಾನು ಅಣ್ಣನ ಜೊತೆ ನಾಲ್ಕು ವರ್ಷ ಮಾತು ಬಿಟ್ಟಿದ್ದೆ. ಆ ನಾಲ್ಕು ವರ್ಷವೂ ಪ್ರತಿ ತಿಂಗಳು ಕರ್ತನ ಭೋಜನ ನಡೆಸಿದೆ. ಸಮಾಧಾನವಾಗುವುದರ ಬಗ್ಗೆ ಮೂರು ಪ್ರಸಂಗ ಮಾಡಿದೆ, ಅವು ಚೆನ್ನಾಗಿಯೂ ಇದ್ದವು. ಒಂದು ಶನಿವಾರ ರಾತ್ರಿ ಮತ್ತಾಯ 5ನೆಯ ಅಧ್ಯಾಯ ಸಿದ್ಧಮಾಡುತ್ತಿದ್ದೆ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಸಂಗಡ ಒಂದಾಗು ಎಂಬ ಭಾಗ. 'ಸಹೋದರ' ಎಂಬುದಕ್ಕೆ ಮೂಲ ಭಾಷೆಯಲ್ಲಿ ಎಷ್ಟು ವಿಶಾಲ ಅರ್ಥವಿದೆ ಎಂದು ಒಂದು ಪುಟ ಬರೆದಿದ್ದೆ. ಬರೆದದ್ದನ್ನು ಓದಿದಾಗ ನಾಚಿಕೆಯಾಯಿತು. ನನ್ನ ವಿಷಯದಲ್ಲಿ ಅದಕ್ಕೆ ಒಂದೇ ಅರ್ಥವಿತ್ತು, ಅವನ ನಂಬರ್ ನನ್ನ ಫೋನಿನಲ್ಲಿತ್ತು.

ಹತ್ತೂ ಮುಕ್ಕಾಲಿಗೆ ಮಾಡಿದೆ. ಅವನು ಎತ್ತಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಏನೋ, ದುಡ್ಡೇನಾದರೂ ಬೇಕಿತ್ತಾ?' ಎಂದ. ವ್ಯಂಗ್ಯವೋ ಕಾಳಜಿಯೋ ಇವತ್ತಿಗೂ ಗೊತ್ತಿಲ್ಲ. 'ಇಲ್ಲ, ನಾನು ಆಡಿದ ಮಾತು ತಪ್ಪಾಗಿತ್ತು' ಎಂದೆ. 'ಸರಿ' ಎಂದು ಇಟ್ಟ. ಅಷ್ಟೇ ನಡೆದದ್ದು. ಅಪ್ಪಿಕೊಂಡು ಅಳುವ ದೃಶ್ಯವೇನೂ ಬರಲಿಲ್ಲ. ಮಾತು ಮೊದಲಿನಂತಾಗಲು ಇನ್ನೂ ಎರಡು ವರ್ಷ ಬೇಕಾಯಿತು. ಮನೆಯ ಪಾಲಿನ ವಿಷಯದಲ್ಲಿ ಇಬ್ಬರಿಗೂ ಒಮ್ಮತ ಇವತ್ತಿಗೂ ಇಲ್ಲ.

ಹೆಂಡತಿಯ ಹತ್ತಿರ, ಮಗನ ಹತ್ತಿರ ಕ್ಷಮೆ ಕೇಳುವಾಗ 'ಆದರೆ' ಎಂಬ ಪದ ಬರಬಾರದು. 'ತಪ್ಪಾಯಿತು, ಆದರೆ ನೀನೂ' ಅಂದ ತಕ್ಷಣ ಅದು ಇನ್ನೊಂದು ಆರೋಪ. ಸೂರ್ಯ ಮುಳುಗುವುದಕ್ಕೆ ಮುಂಚೆ ಸಿಟ್ಟು ತೀರಲಿ ಎಂದು ಎಫೆಸದವರಿಗೆ ಬರೆದದ್ದು ಗಡಿಯಾರದ ನಿಯಮವಲ್ಲ, ಆದರೂ ಗಡಿಯಾರದಂತೆ ಪಾಲಿಸುವುದು ನಿಮಗೆ ಒಳ್ಳೆಯದು. ಮಗನ ಎತ್ತರಕ್ಕೆ ಕೂತು ಹೇಳಿ. ಮಾತು ಕೈಮೀರಿ ಕೈ ಎತ್ತುವ ಮಟ್ಟಕ್ಕೆ ಹೋಗಿದ್ದರೆ ಪ್ರಾರ್ಥನೆಯೊಂದನ್ನೇ ನೆಚ್ಚಬೇಡಿ, ತಕ್ಷಣ ಆಪ್ತಸಲಹೆಗಾರರನ್ನು ಕಾಣಿ.

ದಶಮಾಂಶ ಕೊಡುತ್ತಿದ್ದೀರಿ, ಸಂತೋಷ. ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕವನ್ನು 18ನೆಯ ಶತಮಾನದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿ ತನ್ನ ಪ್ರಸಂಗವೊಂದರಲ್ಲಿ ಹೇಳುತ್ತಾನೆ. ಅದು ವೆಸ್ಲಿಯದೇ ಲೆಕ್ಕ ಎಂಬುದು ಸಾಮಾನ್ಯ ನಂಬಿಕೆ. ವರಮಾನ 30 ಪೌಂಡ್ ಇದ್ದಾಗ 28ರಲ್ಲಿ ಬದುಕಿ 2 ಕೊಟ್ಟ. 60 ಆದಾಗಲೂ 28ರಲ್ಲೇ ಬದುಕಿ 32 ಕೊಟ್ಟ. ಅವನು ಎಷ್ಟು ಕೊಟ್ಟ ಎಂಬುದಕ್ಕಿಂತ ಆ ಅಲುಗದ 28 ನನ್ನನ್ನು ಕಾಡುತ್ತದೆ. ಹತ್ತನೇ ಒಂದು ಭಾಗ ಕೊಟ್ಟರೆ ಉಳಿದ ಒಂಬತ್ತು ಭಾಗ ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ ಎಂಬ ಒಪ್ಪಂದ ಮಾತ್ರ ಎಲ್ಲೂ ಇಲ್ಲ.

ಒಬ್ಬರೇ ಇದನ್ನೆಲ್ಲ ಮಾಡಹೋಗಬೇಡಿ. 1738ರ ಕ್ರಿಸ್ಮಸ್ ದಿನದ ತಾರೀಖಿನಲ್ಲಿ ವೆಸ್ಲಿ ಚಿಕ್ಕ ಗುಂಪುಗಳಿಗೆಂದು ನಿಯಮ ಬರೆದ. ಅವರು ವಾರಕ್ಕೊಮ್ಮೆ ಸೇರಿ, ಕಳೆದ ಭೇಟಿಯ ನಂತರ ಗೊತ್ತಿದ್ದೂ ಮಾಡಿದ ಪಾಪ ಯಾವುದೆಂದು ಒಬ್ಬರನ್ನೊಬ್ಬರು ಕೇಳಬೇಕಿತ್ತು. ಇವತ್ತಿನ ಸೆಲ್ ಗ್ರೂಪುಗಳಲ್ಲಿ, ಅಂದರೆ ಸಭೆಯ ಚಿಕ್ಕ ಪ್ರಾರ್ಥನಾ ಗುಂಪುಗಳಲ್ಲಿ, ಈ ಪ್ರಶ್ನೆ ಕೇಳಿದರೆ ಮುಂದಿನ ವಾರ ಕುರ್ಚಿಗಳು ಖಾಲಿ ಇರುತ್ತವೆ. ನಿಮಗೆ ಗುಂಪು ಬೇಡ, ಒಬ್ಬರು ಸಾಕು: ವಯಸ್ಸಿನಲ್ಲಿ ಹಿರಿಯರು, ಬಾಯಿ ಬಿಗಿಯಿರುವವರು, ನಿಮ್ಮನ್ನು ಹೊಗಳುವ ಚಾಳಿ ಇಲ್ಲದವರು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಪ್ರಾರ್ಥನಾ ವಿಜ್ಞಾಪನೆ ಎಂದು ಹಾಕಿಬಿಡಬೇಡಿ. ನೀವು ಒಪ್ಪಿಕೊಂಡದ್ದನ್ನೇ ಹಿಡಿದು ನಿಮ್ಮನ್ನು ಕುಣಿಸಲು ನೋಡುವವರು ಎಷ್ಟೇ ದೊಡ್ಡ ಸೇವಕರಾಗಿರಲಿ, ದೂರವಿರಿ.

ನಾಜಿಗಳ ವಿರುದ್ಧ ನಿಂತು 1945ರ ಏಪ್ರಿಲ್ 9ರಂದು ಗಲ್ಲಿಗೇರಿದ ಜರ್ಮನ್ ಪಾದ್ರಿ ಡೀಟ್ರಿಶ್ ಬೊನ್‌ಹೋಫರ್ 'ಅಗ್ಗದ ಕೃಪೆ'ಯ ಬಗ್ಗೆ ಎಚ್ಚರಿಸಿದರು. ಪಶ್ಚಾತ್ತಾಪವಿಲ್ಲದ ಕ್ಷಮೆ, ಹಿಂಬಾಲಿಸದ ವಿಶ್ವಾಸ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನಿಮ್ಮ ಅಪಾಯ ಬೇರೆಯದೆಂದು ಅನ್ನಿಸಿತು. ನಾಲ್ಕೂವರೆಯ ಪ್ರಾರ್ಥನೆ, ತಪ್ಪದ ದಶಮಾಂಶ, ಈಗ ಪೂರ್ಣಕಾಲಿಕ ಸೇವೆ: ಸೋಮವಾರದ ಸಾಲವನ್ನು ಬೇರೆ ಖಾತೆಯಿಂದ ತೀರಿಸಲು ನೋಡುತ್ತಿದ್ದೀರಿ. ಕೃಪೆಯನ್ನು ಕಂತಿನಲ್ಲಿ ಕೊಳ್ಳುವ ಲೆಕ್ಕ ಅದು. ಆ ಸಾಲ ಕ್ರಿಸ್ತನಲ್ಲಿ ತೀರಿದೆ ಎಂದು ನಂಬಿದವರಿಗೆ ಮಾತ್ರ ತಾರೀಖನ್ನು ಇದ್ದಂತೆ ಬಿಡುವ ಧೈರ್ಯ ಬರುತ್ತದೆ.

ಸಾಕ್ಷಿಯ ಬಗ್ಗೆ ಕೇಳಿದ್ದೀರಿ. ಸ್ಟೇಟಸ್ಸಿಗೆ ವಚನ ಹಾಕುವುದನ್ನು ಬೇಡ ಎನ್ನಲಾರೆ, ಬೇಕು ಎಂದೂ ಅನ್ನಲಾರೆ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಸಾತ್ವಿಕತ್ವದಿಂದ ಉತ್ತರ ಕೊಡಲು ಸಿದ್ಧರಾಗಿರಿ ಎಂದು ಪೇತ್ರ ಬರೆದ. ಯಾರೋ ಬಂದು ಕೇಳುತ್ತಾರೆ ಎಂದು ಅವನು ಎಣಿಸಿಕೊಂಡಿದ್ದ. ನಿಮ್ಮ ಪಕ್ಕದ ಮೇಜಿನವರು ಇದುವರೆಗೆ ಏನೂ ಕೇಳಿಲ್ಲದಿದ್ದರೆ, ತಿದ್ದಿದ ಬಿಲ್ಲುಗಳು ಅವರ ಮೇಜಿನ ಮೇಲೂ ಹಾದುಹೋಗುತ್ತವೆ ಎಂಬುದು ನೆನಪಿರಲಿ. ಸೇವೆಯ ಕರೆ ನಿಜವಾದದ್ದಾದರೆ ಒಂದು ವರ್ಷ ತಡವಾಯಿತೆಂದು ಅದು ಸಾಯುವುದಿಲ್ಲ. ಬಿಲ್ಲು, ಮನೆ ಎರಡೂ ಒಂದು ಹದಕ್ಕೆ ಬಂದ ಮೇಲೂ ಆಸೆ ಉಳಿದಿದ್ದರೆ ನಿಮ್ಮ ಸಭಾಪಾಲಕರ ಜೊತೆ ಕೂತು ಮಾತಾಡಿ.

ಒಂದು ಮಾತು ಮರೆತಿದ್ದೆ. ಮೇಲಧಿಕಾರಿಯ ಕೋಣೆಗೆ ಹೋಗುವ ಮುಂಚೆ ಹೆಂಡತಿಗೆ ಎಲ್ಲವನ್ನೂ ಹೇಳಿ. ತಾರೀಖಿನ ವಿಷಯ ಅವರಿಗೆ ಗೊತ್ತಿದೆಯೆಂದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಕೆಲಸ ಹೋದರೆ ಆ ತಿಂಗಳ ಖರ್ಚನ್ನು ಅವರೂ ಹೊರಬೇಕಲ್ಲವೇ.